ಎರಡು ಪಂಚಮಿ, ಒಂದೇ ಅಳತೆಯ ಬಳೆ

ಜಗದೇವಿ ಎಂಬ ಹುಡುಗಿಗೆ ನಾಲ್ಕು ವರ್ಷದ ಕಾಲಾವಕಾಶ ಕೊಂಡುಕೊಡಲು ನನಗೆ ತಗುಲಿದ ವೆಚ್ಚವನ್ನು ಮೊದಲೇ ಹೇಳಿಬಿಡುತ್ತೇನೆ: ಇಲಾಖೆಯ ಒಂದು ನೋಟೀಸು, ಬಸವಕಲ್ಯಾಣಕ್ಕೆ ಸಿಗುತ್ತಿದ್ದ ವರ್ಗಾವಣೆ, ಬಳೆ ಮಾರುವ ನಮ್ಮವ್ವನ ಮಲಾರದಿಂದ, ಅಂದರೆ ಬಳೆಯ ಗಂಟಿನಿಂದ, ನಾಲ್ಕು ಡಜನ್ ಹಸಿರು ಗಾಜಿನ ಬಳೆ. ನೋಟೀಸು ಬಂದದ್ದು ನನ್ನದೇ ತಪ್ಪಿಗೆ. ವರ್ಗ ಬಿಟ್ಟದ್ದು ಕೊಟ್ಟ ಮಾತಿಗೆ. ಬಳೆಯ ಲೆಕ್ಕ ಮುಂದೆ ಬರುತ್ತದೆ. ಕೈಗೆ ಬಂದ ಫಲ ನೋಡಿದರೆ, ನನ್ನ ಜೀವಮಾನದಲ್ಲಿ ಇಷ್ಟು ಸೋವಿಯಾದ ಸೌದಾ ಇನ್ನೊಂದು ಮಾಡಿಲ್ಲ.

1974ರಲ್ಲಿ ನಾನು ಹುಮನಾಬಾದ ತಾಲೂಕಿನ ಹುಡಗಿ ಗ್ರಾಮದ ಉಪಕೇಂದ್ರದಲ್ಲಿ ಎ.ಎನ್.ಎಂ. ಆಗಿದ್ದೆ. ಅಂದರೆ ಹೆರಿಗೆ, ಚುಚ್ಚುಮದ್ದು, ಕುಟುಂಬ ಯೋಜನೆ ಎಲ್ಲವನ್ನೂ ನೋಡಿಕೊಳ್ಳುವ ಸಹಾಯಕ ದಾದಿ. ಊರವರ ಬಾಯಲ್ಲಿ ‘ನರ್ಸಬಾಯಿ’. ನರ್ಸಬಾಯಿ ಆಗುವ ಮೊದಲು ನಾನು ಬಳೆಗಾರ್ತಿಯ ಮಗಳು. ಬಸವಕಲ್ಯಾಣದ ಓಣಿ ಓಣಿಗಳಲ್ಲಿ ಅವ್ವನ ಹಿಂದೆ ಬಳೆ ಹೊತ್ತು ತಿರುಗಿದವಳು. ತರಬೇತಿ ಶಾಲೆಯಲ್ಲಿ ನಾಡಿ ಹಿಡಿಯುವುದನ್ನು ಕಲಿತೆ, ಗಿರಾಕಿಯ ಮನಸ್ಸು ಹಿಡಿಯುವುದನ್ನು ಮಾತ್ರ ಅವ್ವನ ಹತ್ತಿರವೇ ಕಲಿತಿದ್ದೆ.

ನಮ್ಮ ಕೆಲಸದ ತಳಪಾಯ ‘ಅರ್ಹ ದಂಪತಿಗಳ ರಿಜಿಸ್ಟರ್’. ಹೆಂಡತಿಯ ವಯಸ್ಸು ಹದಿನೈದರಿಂದ ನಲವತ್ನಾಲ್ಕರೊಳಗೆ ಇರುವ ಪ್ರತಿ ಜೋಡಿಯನ್ನೂ ಅದರಲ್ಲಿ ಬರೆಯಬೇಕು. ಮೂರು ಮಕ್ಕಳಾದವರನ್ನು ಆಪರೇಷನ್ನಿಗೆ ಕರೆತರಬೇಕು. ಗುರಿಯೆಲ್ಲ ಅಲ್ಲಿಗೇ. ಮೊದಲ ಮಗು ಯಾವ ವಯಸ್ಸಿನಲ್ಲಿ ಹುಟ್ಟಬೇಕು ಎಂದು ಕೇಳುವ ಕಾಲಂ ಅದರಲ್ಲಿ ಇರಲಿಲ್ಲ. ಕಾನೂನಿನ ಪ್ರಕಾರವೂ ಆಗ ಹುಡುಗಿಯ ಮದುವೆಗೆ ಹದಿನೈದು ತುಂಬಿದರೆ ಸಾಕಿತ್ತು.

ನಮ್ಮ ಕಡೆ ಮದುವೆ ಬೇರೆ, ‘ನಡೆಯಲು ಕಳಿಸುವುದು’ ಬೇರೆ. ಮದುವೆಯಾದ ಹುಡುಗಿ ತವರಲ್ಲೇ ಇರುತ್ತಾಳೆ. ಮೈನೆರೆದ ಮೇಲೆ ಅತ್ತೆ ಸೀರೆ ತಂದು, ಉಡಿ ತುಂಬಿ, ಸಂಸಾರಕ್ಕೆ ಕರೆದೊಯ್ಯುತ್ತಾಳೆ. ಮದುವೆ ನಿಲ್ಲಿಸುವ ತಾಕತ್ತು ಒಬ್ಬ ದಾದಿಗೆ ಇರಲಿಲ್ಲ. ಆದರೆ ಈ ಎರಡರ ನಡುವಿನ ಜಾಗ ಹಿಗ್ಗಿಸಬಹುದು ಎಂಬುದು ನನಗೆ ತಡವಾಗಿಯಾದರೂ ಹೊಳೆಯಿತು.

ಆ ವರ್ಷ ನಾಗರಪಂಚಮಿಗೆ ನಾಲ್ಕು ದಿನ ಇರುವಾಗ ಹುಡಗಿ ಊರಿನ ಗುರಮ್ಮ, ಹೊಲದ ಕೂಲಿಯವಳು, ಉಪಕೇಂದ್ರಕ್ಕೆ ಬಂದು ಕಂಬಕ್ಕೆ ಆತು ನಿಂತಳು.

“ಬಾಯಿ, ನಮ್ಮ ಜಗದೇವಿನ ನಡಿಯಾಕ ಕಳಸ್ರಿ ಅಂತ ಕೊಡಂಬಲದ ಬೀಗರು ಹೇಳಿ ಕಳಸ್ಯಾರ್ರಿ. ಪಂಚಮಿಗೇ ಬರ್ತಾರಂತ.”

“ಆಕಿಗಿ ವಯಸ್ಸೆಷ್ಟು?”

“ಹದಿನಾಕರಿ.”

“ಹಂಗಂತ ಬೀಗತಿಗಿ ಹೇಳಬೇಕಿಲ್ಲೇನು?”

“ಹೇಳಿನ್ರಿ. ‘ಸರಕಾರದ ಬುಕ್ಕಿನ್ಯಾಗ ಹೋದ ವರ್ಷನೇ ಹದಿನಾರು ಬರ್ದದ, ಈಗ ಹದಿನೇಳು’ ಅಂದಳ್ರಿ. ಬರದಾಕಿ ನೀವೇ ಅಲ್ಲೇನ್ರಿ?”

ರಿಜಿಸ್ಟರ್ ತೆಗೆದೆ. ಅಕ್ಷರ ನನ್ನದೇ. ಹಿಂದಿನ ಬೇಸಿಗೆಯಲ್ಲಿ ಮದುವೆಮನೆಯ ಕಟ್ಟೆಯ ಮೇಲೆ ಕುಳಿತು, ಚಹಾ ಕುಡಿಯುತ್ತ, ಹುಡುಗನ ತಾಯಿ ಮಾಳಮ್ಮ ಹೇಳಿದ ವಯಸ್ಸನ್ನು ಹಾಗೆಯೇ ಬರೆದುಕೊಂಡಿದ್ದೆ. ಹುಡುಗಿಯ ಮುಖ ಕೂಡ ನೋಡಿರಲಿಲ್ಲ. ಆ ತಿಂಗಳು ರಿಜಿಸ್ಟರ್ ಪೂರ್ಣವಾಗಿದೆ ಎಂದು ಮೇಲಿನವರಿಂದ ಶಾಬಾಸ್ ಕೂಡ ಸಿಕ್ಕಿತ್ತು.

ಗುರಮ್ಮ ಹೆದರಿದ್ದಕ್ಕೆ ಕಾರಣವಿತ್ತು. ಅವಳ ಹಿರಿಮಗಳು ಕಾಶಮ್ಮ ಹದಿನಾಲ್ಕಕ್ಕೇ ನಡೆಯಲು ಹೋಗಿ, ಮರುವರ್ಷ ಮೂರು ದಿನ ಹೆರಿಗೆ ಬೇನೆ ತಿಂದಿದ್ದಳು. ಕೂಸು ಬರುವ ಎಲುಬಿನ ದಾರಿ ಇನ್ನೂ ಬೆಳೆದಿರದ ಮೈ. ಕೂಸು ಉಳಿಯಲಿಲ್ಲ. ತಾಯಿ ಉಳಿದಳು, ಆದರೆ ಒಳಗೆ ಹರಿದು ಸದಾ ಮೂತ್ರ ಸೋರುವಂತಾಯಿತು. ಗಂಡ ತವರಿಗೆ ತಂದು ಬಿಟ್ಟು ಹೋದ. ಸೊಲ್ಲಾಪುರದಲ್ಲಿ ಆಪರೇಷನ್ ಆಗಿ ಅವಳು ನೆಟ್ಟಗಾದದ್ದು ಎಷ್ಟೋ ವರ್ಷದ ಮೇಲೆ. ಆಗಿನ್ನೂ ಹಿತ್ತಲಿನಲ್ಲಿ ಒಬ್ಬಳೇ ಕೂತಿರುತ್ತಿದ್ದಳು. ಅದೇ ಮನೆಯಿಂದ ಎರಡನೆಯವಳು ಹೊರಡುವುದರಲ್ಲಿದ್ದಳು, ನನ್ನ ಕೈಬರಹವನ್ನು ರುಜುವಾತು ಮಾಡಿಕೊಂಡು.

ಅವತ್ತೇ ಊರಿನ ಶಾಲೆಗೆ ಹೋದೆ. ಜಗದೇವಿ ಎರಡು ವರ್ಷ ಓದಿ ಬಿಟ್ಟಿದ್ದಳು. ದಾಖಲಾತಿ ಪುಸ್ತಕದ ಪ್ರಕಾರ ಹದಿನಾಲ್ಕೇ. ನನ್ನ ರಿಜಿಸ್ಟರಿನಲ್ಲಿ ಹಳೆಯ ಅಂಕಿಯನ್ನು ಕೆಂಪು ಶಾಯಿಯಲ್ಲಿ ಹೊಡೆದು, ಸರಿ ವಯಸ್ಸು ಬರೆದು, ‘ಹುಡುಗಿಯನ್ನು ನೋಡದೆ ಬರೆದದ್ದು ನನ್ನ ತಪ್ಪು’ ಎಂದು ಪಕ್ಕದಲ್ಲಿ ಸಹಿ ಮಾಡಿದೆ. ಸರ್ಕಾರಿ ದಾಖಲೆ ತಿದ್ದಿದ್ದೇಕೆ ಎಂದು ನೋಟೀಸು ಬಂದದ್ದು ಇದಕ್ಕೆ. ಉತ್ತರವನ್ನು ಎರಡೇ ಸಾಲಿನಲ್ಲಿ ಕೊಟ್ಟೆ: ಮೊದಲು ಬರೆದದ್ದು ಸುಳ್ಳು, ಈಗಿನದು ಖರೆ.

ಆದರೆ ಕೆಂಪು ಶಾಯಿಗೆ ಮಾಳಮ್ಮ ಬಗ್ಗುವವಳಲ್ಲ. ಕುರಿ ಕಾಯುವ ಮನೆತನ, ಗಂಡನಿಲ್ಲದ ಹೆಂಗಸು, ಒಬ್ಬನೇ ಮಗ ಭೀಮಣ್ಣ, ಸೆಟೆದ ಮೊಣಕಾಲು. ಮನೆಗೆ ದುಡಿಯುವ ಕೈ ಬೇಕಾಗಿತ್ತು. ಇದು ತಿಳಿದ ಮೇಲೆ ನನಗೆ ಅರ್ಧ ಧೈರ್ಯ ಬಂತು. ಎದುರಿನವರಿಗೆ ಏನು ಬೇಕೆಂದು ಗೊತ್ತಾಗದೆ ಚೌಕಾಸಿಗೆ ಕೂಡಬಾರದು.

ಪಂಚಮಿಯ ದಿನ ಬಳೆ ಇಡಿಸುವ ನೆಪ ಮಾಡಿ ಅವ್ವನನ್ನು ಬಸವಕಲ್ಯಾಣದಿಂದ ಬಸ್ಸಿನಲ್ಲಿ ಕರೆಸಿಕೊಂಡೆ. ಗುರಮ್ಮನ ಪಡಸಾಲೆಯಲ್ಲಿ ಮಾಳಮ್ಮ ಸೀರೆಯ ಗಂಟು ಬಿಚ್ಚಿಕೊಂಡು ಕೂತಿದ್ದಳು. ನನ್ನನ್ನು ನೋಡಿದ್ದೇ ಶುರು ಮಾಡಿದಳು.

“ಬರ್ಯಾಕಿನೂ ನೀನೇ, ಅಳಿಸ್ಯಾಕಿನೂ ನೀನೇ ಏನ ಬಾಯಿ? ಹಂಗಾದ್ರ ನನ್ನ ವಯಸ್ಸೂ ಒಂದಿಷ್ಟು ಕಡಿಮಿ ಬರಿ.”

ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಕಾನೂನಿನ ಮಾತು ಎತ್ತಲಿಲ್ಲ.

“ಮಾಳಮ್ಮಕ್ಕ, ನಿಮ್ಮ ಹಿಂಡಿನ್ಯಾಗ ಎಳೆ ಕುರಿ ಮ್ಯಾಲ ಟಗರು ಬಿಡ್ತೀರೇನ್ರಿ?”

“ಹುಚ್ಚದೇನ ನಿನಗ? ಮರಿನೂ ಸಾಯ್ತದ, ಕುರಿನೂ ಸಾಯ್ತದ.” ಹೇಳಿದ ಮೇಲೆ ಅವಳಿಗೆ ನನ್ನ ದಾರಿ ಗೊತ್ತಾಯಿತು. “ಮನಷ್ಯಾರ ಮಾತು ಬ್ಯಾರೆ.”

“ಹೌದ್ರಿ, ಬ್ಯಾರೆ. ಕುರಿ ಸತ್ರ ನಿಮಗ ಲುಕ್ಸಾನ ಆಗ್ತದ.”

ಮಾಳಮ್ಮ ಸೀರೆಯ ಗಂಟನ್ನು ಮತ್ತೆ ಬಿಗಿ ಮಾಡಿದಳು. ಎದ್ದು ಹೋಗುತ್ತಾಳೆಂದುಕೊಂಡೆ. ಆಗ ಮಾತಾಡಿದವಳು ನಮ್ಮವ್ವ. ಜಗದೇವಿಯ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, “ಇದು ಇನ್ನಾ ಬೆಳ್ಯಾಕತ್ತದವ್ವಾ” ಎಂದಳು. “ನಾ ನಲವತ್ತು ವರ್ಷದಿಂದ ಕೈ ನೋಡಾಕತ್ತೀನಿ. ವರ್ಷಾ ಅಳತಿ ದೊಡ್ಡದಾಗತಿದ್ರ ಹುಡಿಗಿ ಬೆಳ್ಯಾಕತ್ತಾಳ ಅಂತ. ಎರಡು ಪಂಚಮಿಗೆ ಒಂದೇ ಅಳತಿ ಬಂತಂದ್ರ ಮೈ ನಿಂತದ ಅಂತ.”

ಅಲ್ಲಿಂದ ಚೌಕಾಸಿ ನನ್ನದು. ಒಂದೇ ಅಳತೆಯ ಬಳೆ ಮೂರು ಪಂಚಮಿ ಬಂದ ಮೇಲೆ ಒಯ್ಯಿರಿ ಎಂದೆ. ಒಂದೂ ಆಗದು ಎಂದಳು. ಎರಡಕ್ಕೆ ಇಳಿದೆ. ನನಗೆ ಬೇಕಾಗಿದ್ದದ್ದೂ ಎರಡೇ. ಪ್ರತಿಯಾಗಿ, ಕುರಿ ಮರಿ ಹಾಕುವ ಹಂಗಾಮಿನಲ್ಲಿ ಗುರಮ್ಮ ಮತ್ತು ಮಗಳು ಇಬ್ಬರೂ ಕೊಡಂಬಲಕ್ಕೆ ಹೋಗಿ ದುಡಿಯುವುದು, ಹುಡುಗಿ ತಾಯಿಯ ಮಗ್ಗುಲಲ್ಲೇ ಮಲಗುವುದು. ಒಂದು ಜೊತೆ ಕೈ ಕೇಳಿದವಳಿಗೆ ಎರಡು ಜೊತೆ ಕೈ. ಮಾಳಮ್ಮ ಬೆರಳು ಮಡಚಿ ಯೋಚಿಸಿದಳು. ಬರುವ ವರ್ಷವೇ ಒಯ್ಯಬಹುದೆಂಬ ಎಣಿಕೆ ಅವಳದು.

“ಸೌದಾ ಪಕ್ಕಾ. ಆದ್ರ ಬಳಿ ಇಡ್ಸಾಗ ನಾನೂ ಇರ್ತೀನಿ, ನೀನೂ ಇರಬೇಕು. ನಡಕ ವರ್ಗ ಮಾಡ್ಸಕೊಂಡು ಓಡೀದಿ ಅಂದ್ರ ಮಾತು ಮುರೀತು.”

ಒಪ್ಪಿಕೊಂಡೆ. ಅಂದಿನ ಅಳತೆ ‘ಎರಡೂ ಎರಡು’. ಬಳೆಯ ಅಡ್ಡಳತೆ ಎರಡು ಇಂಚು, ಮೇಲೆ ಇಂಚಿನ ಹದಿನಾರು ಪಾಲಿನಲ್ಲಿ ಎರಡು ಪಾಲು. ಮುಂದಿನ ವರ್ಷ ತಾಳೆ ನೋಡಲೆಂದು ಒಂದು ಬಳೆಯನ್ನು ದಾರಕ್ಕೆ ಕಟ್ಟಿ ಮಾಳಮ್ಮನ ಕೈಗೇ ಕೊಟ್ಟೆವು.

ಹುಮನಾಬಾದಿನ ನಮ್ಮ ವೈದ್ಯಾಧಿಕಾರಿ ಈ ಸುದ್ದಿ ಕೇಳಿ, “ಕೈ ನಿಂತರೆ ಸೊಂಟದ ಎಲುಬೂ ನಿಂತಿತು ಅಂತ ಅಲ್ಲಮ್ಮ, ಇದು ವಿಜ್ಞಾನ ಅಲ್ಲ” ಎಂದರು. “ವಿಜ್ಞಾನ ಅಂತ ನಾನೂ ಹೇಳೂದಿಲ್ರಿ ಸಾಹೇಬ್ರ, ಇದು ಟೈಮ್ ತಗೊಳ್ಳೂ ಉಪಾಯ” ಎಂದೆ. ಅವರು ಹುಡುಗಿಗೆಂದು ಒಂದು ಡಬ್ಬಿ ಕಬ್ಬಿಣದ ಗುಳಿಗೆ ಬರೆದುಕೊಟ್ಟರು.

1975ರ ಪಂಚಮಿಗೆ ಹಳೆಯ ಬಳೆ ಗೆಣ್ಣು ದಾಟಲಿಲ್ಲ. ಅಳತೆ ಎರಡೂ ನಾಲ್ಕು. ಗುಳಿಗೆ, ಶೇಂಗಾ, ಹೊಟ್ಟೆ ತುಂಬ ರೊಟ್ಟಿ, ಎಲ್ಲ ಕೆಲಸ ಮಾಡಿದ್ದವು. “ಶೇಂಗಾ ತಿನ್ಸಿ ತಿನ್ಸಿ ಕೈ ಬೆಳಸಾಕತ್ತೀ, ಮೋಸಗಾರ್ತಿ” ಎಂದು ಮಾಳಮ್ಮ ನನ್ನನ್ನು ಬೈದಳು. ಅದೇ ವರ್ಷ ಬಸವಕಲ್ಯಾಣಕ್ಕೆ ವರ್ಗದ ಅವಕಾಶ ಬಂತು, ಒಬ್ಬಳೇ ಇದ್ದ ಅವ್ವನ ಹತ್ತಿರಕ್ಕೆ. ಬೇಡವೆಂದು ಬರೆದುಕೊಟ್ಟೆ. ಅವ್ವ ಎರಡು ದಿನ ಮಾತು ಬಿಟ್ಟಳು, ಮೂರನೆಯ ದಿನ “ಸೌದಾ ಮಾಡಿದ ಮ್ಯಾಲ ಅಂಗಡಿ ಎತ್ತಬಾರದು, ಬರಾಬರ್ ಮಾಡಿದಿ” ಎಂದಳು.

1976ರಲ್ಲಿ ಮಾಳಮ್ಮನ ತಾಳ್ಮೆ ಮುಗಿದಿತ್ತು. ದಾರ ಬಿಚ್ಚಿ, ಹೋದ ವರ್ಷದ ಬಳೆ ತೆಗೆದು, ಜಗದೇವಿಯ ಕೈಗೆ ಎಣ್ಣೆ ಸವರಿ ತಾನೇ ಒತ್ತತೊಡಗಿದಳು. ಹುಡುಗಿ ಹಲ್ಲು ಕಚ್ಚಿ ಕೈ ಒಡ್ಡಿದಳು. ಚಟ್ಟೆಂದು ಬಳೆ ಮುರಿದು, ಮುಂಗೈಯಲ್ಲಿ ರಕ್ತ ಬಂತು. ಹಬ್ಬದ ದಿನ, ಮಗನ ಹೆಂಡತಿಯ ಕೈಬಳೆ, ಮುರಿದದ್ದು ತನ್ನ ಬೆರಳಿನಲ್ಲಿ. ಮಾಳಮ್ಮನ ಮುಖ ಬಿಳಿಚಿತು. ತನ್ನ ಸೆರಗಿನಿಂದಲೇ ರಕ್ತ ಒರೆಸಿದಳು. ಆಮೇಲೆ ಯಾರೂ ಕೇಳದೆ ಹೇಳಿದಳು:

“ನಂದೂ ಮೊದಲನೇದು ಹಿಂಗೇ ಹೋತು. ಹದಿನೈದಕ್ಕ. ಹೆಣ್ಣು ಕೂಸಿತ್ತು.”

ಅವಳೇ ನಮ್ಮವ್ವನ ಕಡೆ ತಿರುಗಿ, “ಎರಡೂ ಆರು ತಗಿ. ಆಕಿಗಿ ಸಡ್ಲ ಆಗೂದು ತಗಿ” ಎಂದಳು. ಅಂದಿನಿಂದ ಈ ಚೌಕಾಸಿಯಲ್ಲಿ ಮಾಳಮ್ಮ ನನಗೆ ಎದುರು ಪಾರ್ಟಿಯಾಗಿ ಉಳಿಯಲಿಲ್ಲ.

1977ರ ಪಂಚಮಿಗೂ ಎರಡೂ ಆರು, ಪಂಚಮಿಗೊಂದರಂತೆ ಅವ್ವನ ನಾಲ್ಕನೆಯ ಡಜನ್. ಮಾತಿನಂತೆ ಆಗಲೇ ಒಯ್ಯಬಹುದಿತ್ತು. ಮಾಳಮ್ಮ ತಾನಾಗಿ ಮುಂದಿನ ವರ್ಷದ ಯುಗಾದಿಯವರೆಗೆ ತಡೆದಳು. ಜಗದೇವಿ ಹದಿನೆಂಟರ ಹೊಸ್ತಿಲಲ್ಲಿ ಕೊಡಂಬಲಕ್ಕೆ ನಡೆಯಲು ಹೋದಳು. ಹುಡುಗಿಯ ಮದುವೆಯ ವಯಸ್ಸನ್ನು ಹದಿನೆಂಟಕ್ಕೆ ಏರಿಸಿದ ಕಾನೂನು ಅದೇ 1978ರಲ್ಲಿ ಬಂತು. ಸುತ್ತೋಲೆ ನನ್ನ ಕೈ ಸೇರಿದಾಗ, ಸರ್ಕಾರ ನಮ್ಮ ಬಳೆಯ ಅಳತೆಗೆ ಬಂದು ಮುಟ್ಟಿತಲ್ಲ ಎಂದು ಒಬ್ಬಳೇ ನಕ್ಕೆ.

ನಡೆಯಲು ಹೋದ ತಿಂಗಳಲ್ಲೇ ಭೀಮಣ್ಣ ಹುಮನಾಬಾದ ಸಂತೆಯಲ್ಲಿ ನನ್ನನ್ನು ಅಡ್ಡಗಟ್ಟಿ, ನೆಲ ನೋಡುತ್ತ, “ಬಾಯಿ, ಆ ನಿರೋಧ ಒಂದಿಷ್ಟು ಕೊಡ್ರಿ. ನಮ್ಮವ್ವಗ ಹೇಳಬ್ಯಾಡ್ರಿ” ಎಂದ. ಎಂಟು ದಿನಕ್ಕೆ ಮಾಳಮ್ಮ ಬಂದು, “ಕೂಸು ತಡ ಮಾಡೂದು ಏನೋ ಕೊಡ್ತೀಯಂತಲ್ಲ, ನನ್ನ ಮಗನ ಕೈಯಾಗ ಕೊಡು. ನಾ ಹೇಳೀನಿ ಅಂತ ಅನಬ್ಯಾಡ” ಎಂದಳು. ಇಬ್ಬರಿಗೂ ಕೊಟ್ಟ ಮಾತು ಉಳಿಸಿಕೊಂಡೆ. ಇವತ್ತು ಮೊದಲ ಸಲ ಬಾಯಿ ಬಿಡುತ್ತಿದ್ದೇನೆ.

1980ರಲ್ಲಿ, ಇಪ್ಪತ್ತು ತುಂಬಿದ ಜಗದೇವಿಗೆ ಹುಮನಾಬಾದ ಆಸ್ಪತ್ರೆಯಲ್ಲಿ ಸಲೀಸಾಗಿ ಹೆರಿಗೆಯಾಯಿತು. ಹೆಣ್ಣು ಕೂಸು. ಮಾಳಮ್ಮ ಅದನ್ನು ಎತ್ತಿಕೊಂಡು ನೋಡಿದ್ದು ಮುಖವನ್ನಲ್ಲ, ಮುಂಗೈಯನ್ನು. “ಇದರ ಬಳಿ ನಿಂದ್ರಾಕ ಭಾಳ ವರ್ಷ ಬೇಕು ಬಾಯಿ” ಎಂದಳು. ಮುಂದೆ ಕೊಡಂಬಲದಲ್ಲಿ ಅವಳ ಮೈದುನನ ಮನೆಯವರೂ ಎರಡು ಪಂಚಮಿ ಕಾದರು. ಇದೆಲ್ಲಿಯ ಪದ್ಧತಿ ಎಂದು ಯಾರೋ ಕೇಳಿದ್ದಕ್ಕೆ, “ನಮ್ಮ ಮನಿತನದ್ದು, ಹಿಂದಿನಿಂದ ಅದ” ಎಂದಳಂತೆ. ನನ್ನ ಸರಕನ್ನು ಕದ್ದು ತನ್ನದೆಂದು ಮಾರಿದ ಆ ಮುದುಕಿಯ ಮೇಲೆ ನನಗೆ ಇರುವಷ್ಟು ಅಭಿಮಾನ ಇಲಾಖೆಯ ಯಾವ ಪ್ರಶಂಸಾ ಪತ್ರದ ಮೇಲೂ ಇಲ್ಲ.

ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ, ಮನೆಯಲ್ಲಿ ಹೆಣ್ಣುಮಕ್ಕಳಿರುವ ಎಲ್ಲರಿಗೂ ನನ್ನ ಮಾತಿಷ್ಟು. ಕಟ್ಟೆಯ ಮೇಲೆ ಕೂತು ವಯಸ್ಸು ಬರೆದುಕೊಳ್ಳಬೇಡಿ. ಒಳಗೆ ಹೋಗಿ ಹುಡುಗಿಯನ್ನು ನೋಡಿ, ಆಮೇಲೆ ಶಾಲೆಯ ಪುಸ್ತಕ ತೆಗೆಸಿ. ತಪ್ಪು ಬರೆದಿದ್ದರೆ ಎಲ್ಲರಿಗೂ ಕಾಣುವಂತೆ ತಿದ್ದಿ, ನೋಟೀಸು ಬಂದರೆ ಬರಲಿ. ಮದುವೆ ತಡೆಯಲು ಈಗ ಕಾನೂನಿದೆ, ಧೈರ್ಯವಾಗಿ ಬಳಸಿ. ಆದರೆ ಅತ್ತೆಯಾಗುವವಳನ್ನು ಎದುರು ನಿಲ್ಲಿಸಿಕೊಂಡು ಕಾನೂನು ಓದಬೇಡಿ. ಅವಳ ಪಕ್ಕದಲ್ಲಿ ಕೂತು, ಅವಳ ಮೊದಲ ಹೆರಿಗೆ ಹೇಗಾಯಿತು ಎಂದು ಕೇಳಿ. ಉತ್ತರ ಬರುವವರೆಗೆ ಎದ್ದು ಬರಬೇಡಿ. ನಾನು ಆ ಪ್ರಶ್ನೆ ಕೇಳದೆಯೇ ಎರಡು ವರ್ಷ ಬಳೆ ಅಳೆದೆ.