ಗಿಲಾವು ಹಾಕಿದ ಚಾಳು

ನನ್ನನ್ನು ನೋಡಲು ಪಾರಿಶ್ವಾಡಕ್ಕೆ ಬಂದವರಲ್ಲಿ ಮುಂದಾಗಿ ಮಾತಾಡಿದವಳು ಚಂದ್ರವ್ವ, ಗಂಡಿನ ಅಣ್ಣನ ಹೆಂಡತಿ. ಖಾನಾಪುರ ರಸ್ತೆಯ ಕಬ್ಬಿಣ ಕರಗಿಸುವ ಕಂಪನಿ, ಕೆಲಸಗಾರರ ಸಾಲುಮನೆಗಳ ಅದರ ಚಾಳು, ಇವನ್ನೆಲ್ಲ ನಾನು ಕೇಳಿದ್ದು ಅಂದೇ ಮೊದಲು. ಭಟ್ಟಿಯಲ್ಲಿ ಕರಗಿದ ಕಬ್ಬಿಣದ ಮೇಲೆ ತೇಲುವ ಕಿಟ್ಟವನ್ನು ಅಚ್ಚಿಗೆ ಹೊಯ್ದು, ಆ ಇಟ್ಟಿಗೆಯಿಂದ ಬ್ರಿಟಿಷರ ಕಾಲದಲ್ಲಿ ಆ ಮನೆಗಳನ್ನು ಕಟ್ಟಿದ್ದರಂತೆ.

"ನಮ್ಮ ಗ್ವಾಡಿ ಕರ್ರಗ, ನಿಮ್ಮ ಎಮ್ಮಿ ಇದ್ದಂಗ," ಎಂದಳು. ನನ್ನವ್ವನ ಮುಖ ಸಣ್ಣದಾಯಿತು. ಚಂದ್ರವ್ವ ನಕ್ಕಳು. "ಯಾಕ್ರಿ, ಎಮ್ಮಿ ಹಾಲು ಬೆಳ್ಳಗ ಇರಂಗಿಲ್ಲೇನು?"

ಮದುವೆಯಾಗಿ ನಾನೂ ಆ ಚಾಳಿಗೇ ಬಂದೆ. ಚಂದ್ರವ್ವನಿಗೆ ಮಕ್ಕಳಾಗಲಿಲ್ಲ. ಭಾವನವರು ಭಟ್ಟಿಯ ಮುಂದೆ ಸುಟ್ಟುಕೊಂಡು ತೀರಿದ ಮೇಲೆ ಅವಳೂ ಅಲ್ಲಿಯೇ ಮರಳು ಸೋಸುವ ಕೆಲಸಕ್ಕೆ ನಿಂತಳು. ದೊಡ್ಡ ಸಾಹೇಬರು ಬರುತ್ತಾರೆಂದರೆ ಹೆಂಗಸರೆಲ್ಲ ಮನೆಯ ಮುಂದಿನ ಗೋಡೆಗೆ ಸುಣ್ಣ ಬಳಿಯಬೇಕಿತ್ತು. ಒಂದು ಮನೆ ಕರ್ರಗೆ ಕಂಡರೂ ಇಡೀ ಸಾಲಿಗೆ ಬೈಗುಳ. ಆ ಕೆಲಸಕ್ಕೆ ಇವಳೇ ಮುಂದಾಳು. ಮಳೆಗಾಲ ಬಂದು ಸುಣ್ಣವನ್ನೆಲ್ಲ ತೊಳೆದುಬಿಡುತ್ತಿತ್ತು.

ಕಂಪನಿ ಮುಚ್ಚಿತು. ನನ್ನವರೂ ತೀರಿಹೋದರು. ಜಾಗ ಕೊಂಡವರು ಚಾಳು ಕೆಡವುತ್ತೇವೆ ಎಂದಾಗ ನಮ್ಮ ವಕೀಲ ನಾಗಲಿಂಗ, "ಹಳೇ ಕಟ್ಟಡ ನೋಡೋ ಸರಕಾರದ ಮೇಡಂ ಬರಾಕತ್ಯಾರ. ಉಳಸಬೇಕಂತ ಅವರು ಬರದ್ರ ಯಾರೂ ಮುಟ್ಟಂಗಿಲ್ಲ," ಎಂದು ಹೇಳಿ ಧಾರವಾಡದ ಕೋರ್ಟಿಗೆ ಹೋದ.

"ಅಷ್ಟು ದೊಡ್ಡವರು ಬರೂಮುಂದ ಈ ಹೊಲಸ ಗ್ವಾಡಿ ತೋರಸೂಣೇನು? ನೋಡಿದ ಕೂಡ್ಲೇ ಕೆಡವ್ರಿ ಅಂತಾರ," ಎಂದಳು ಚಂದ್ರವ್ವ. ಎಲ್ಲರಿಗೂ ಖರೆ ಅನಿಸಿತು. ಗೋಡೆಗಳಿಗೆಲ್ಲ ಸಿಮೆಂಟಿನ ಗಿಲಾವು ಮಾಡಿಸಿ ಗುಲಾಬಿ ಬಣ್ಣ ಹಚ್ಚಿದೆವು.

ಬಂದ ಮೇಡಂ ಗೋಡೆ ಸವರುತ್ತ ಸಾಲಿನ ಕೊನೆಯವರೆಗೆ ನಡೆದು ಬಂದರು. "ಅಜ್ಜಿ, ಹಳೇದು ಏನೂ ಉಳಿದಿಲ್ವಾ?"

"ಒಂದೂ ಬಿಟ್ಟಿಲ್ರಿ. ಎಲ್ಲಾ ಹೊಸಾದು ಮಾಡೇವಿ. ಕುಂದರ್ರಿ, ಚಾ ಕುಡದು ಹೋಗ್ರಿ," ಎಂದಳು ಚಂದ್ರವ್ವ.

ಅವರು ಕೂಡಲಿಲ್ಲ.

ಸಂಜೆ ನಾಗಲಿಂಗ ಬಂದವನೇ ಗೋಡೆಯ ಬಣ್ಣವನ್ನು ಉಗುರಿನಿಂದ ಕೆರೆದ. "ಆಯಿ, ಅವರು ಬಂದಿದ್ದು ಆ ಕರೀ ಗ್ವಾಡಿನೇ ನೋಡಾಕ." ಗಿಲಾವು ಮಾಡಿದ ಗಾರೆಯವನೇ ಉಳಿಯಿಂದ ಕೆತ್ತಿ ನೋಡಿದ. ಗಿಲಾವಿನ ಜೊತೆ ಕಿಟ್ಟವೂ ಪುಡಿಪುಡಿಯಾಗಿ ಬಂತು.

ಚಾಳು ನೆಲಕ್ಕೆ ಬಿತ್ತು. ಮಂದಿ ಉದ್ಯಮಬಾಗದ ಕಡೆ ಬಾಡಿಗೆ ಕೋಣೆ ಹಿಡಿದು ಚದುರಿದರು. ಯಾರೂ ಚಂದ್ರವ್ವನನ್ನು ಬೈಯಲಿಲ್ಲ. ಯಾರೂ ಮಾತಾಡಿಸಲೂ ಇಲ್ಲ. ಮಹಾಂತೇಶ ನಗರದ ನನ್ನ ಮಗಳ ಮನೆಗೆ ಅವಳನ್ನು ಕರೆತಂದೆ. ಗೋಡೆಯತ್ತ ಮುಖ ಮಾಡಿ ಮಲಗಿದವಳು ಊಟ ಬಿಟ್ಟಳು. ಒಂದು ಮುಂಜಾನೆ ನನ್ನ ಮಣಿಕಟ್ಟು ಹಿಡಿದಳು.

"ಸತ್ತ ಮ್ಯಾಲ ನಮ್ಮ ಮಂದಿ ಪದ್ಧತಿಯಂಗ ನನ್ನ ಗ್ವಾಡಿಗೆ ಆನಿಸಿ ಕುಂದರಸ್ತೀರಿ. ಚಾಳಿನವರು ನೋಡಾಕ ಬರ್ತಾರ. ಅವರು ಬಂದಾಗ ನನ್ನ ಮಾರಿ ಮ್ಯಾಲ ಸೆರಗು ಎಳಿ, ತಂಗಿ."