ಬಫೆಯಲ್ಲಿ ಎರಡನೇ ಜಾಮೂನು

ಸ್ನೇಹಿತರೇ, ಶಿವಮೊಗ್ಗದಲ್ಲಿ ಮಹಡಿ ಮೇಲೆ ಇಸ್ಪೀಟ್ ಕ್ಲಬ್ ಇರುವ ಆ ಹೋಟೆಲಿಗೆ ಬಫೆ ಊಟಕ್ಕೆಂದು ಯಾರಾದರೂ ಹೊರಟಿದ್ದರೆ ಬಿಟ್ಟುಬಿಡಿ. ಮಧ್ಯಾಹ್ನ ಅಲ್ಲಿಂದ ಎದ್ದವನು ನೇರವಾಗಿ ಸೈಬರ್ ಕೆಫೆಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ಭದ್ರಾವತಿಯಿಂದ ಚಿಕ್ಕಪ್ಪ, ಚಿಕ್ಕಮ್ಮ ಬಂದಿದ್ದರು. ಕಾರ್ಖಾನೆಯಿಂದ ವಿಆರ್‌ಎಸ್ ತೆಗೆದುಕೊಂಡ ಮೇಲೆ ಚಿಕ್ಕಪ್ಪ ಆ ಹೋಟೆಲಿನ ಮಹಡಿಯಲ್ಲೇ ಇಸ್ಪೀಟಾಡುತ್ತ ಇದ್ದುಬಿಟ್ಟಿದ್ದರು. ಆಡುವವರಿಗೆ ಕೆಳಗಿನ ಬಫೆ ಪುಕ್ಕಟೆ. ಮ್ಯಾನೇಜರ್ ತಾನೇ ನಿಂತು, "ಯಜಮಾನ್ರೇ, ಇನ್ನೊಂದು ಹೋಳಿಗೆ" ಎಂದು ಬಡಿಸುತ್ತಿದ್ದ. ವಿಆರ್‌ಎಸ್ ದುಡ್ಡಿನ ಹಿಂದೆಯೇ ವಿದ್ಯಾನಗರದ ಸೈಟೂ ಆಟಕ್ಕೆ ಹೋದ ಮೇಲೆ ಚಿಕ್ಕಪ್ಪ ಮಹಡಿ ಹತ್ತುವುದನ್ನು ಬಿಟ್ಟರು.

ಇವತ್ತು ದುಡ್ಡು ಕೊಟ್ಟು ಉಣ್ಣಲು ಹೋದೆವು. ಅಷ್ಟುದ್ದದ ಮೇಜಿನ ಮೇಲೆ ಅನ್ನ, ಸಾರು, ಆರಿದ ಪಲ್ಯ. ಜಾಮೂನಿನ ಪಾತ್ರೆಯ ಹಿಂದೆ ಅದೇ ಮ್ಯಾನೇಜರ್ ಸೌಟು ಹಿಡಿದು ಕಾವಲು ನಿಂತಿದ್ದ. ಚಿಕ್ಕಪ್ಪ ಎರಡನೇ ಸಲ ಬಟ್ಟಲು ಚಾಚಿದರು.

"ಒಬ್ರಿಗೆ ಒಂದೇ ಸಾರ್. ಮೇಲೆ ಆಡೋರಿಗೆ ಮಾತ್ರ ಎಕ್ಸ್‌ಟ್ರಾ. ನೀವೀಗ ಬರಲ್ವಲ್ಲ."

ಚಿಕ್ಕಪ್ಪ ಬಟ್ಟಲು ಹಿಂದಕ್ಕೆಳೆದುಕೊಂಡು ಬಂದು ಕೂತರು. ಚಿಕ್ಕಮ್ಮ ಆ ಬಟ್ಟಲನ್ನೇ ಎತ್ತಿಕೊಂಡು ಹೋಗಿ ಅವನ ಮುಂದೆ ಹಿಡಿದರು. ದನಿ ಏರಿಸಲಿಲ್ಲ.

"ನಮ್ ಸೈಟ್ ಹೋಗಿದ್ದು ನಿಮ್ ಮಹಡಿ ಮೇಲೇ ಕಣಪ್ಪ. ಆ ಲೆಕ್ಕದಲ್ಲಿ ಒಂದು ಹಾಕು."

ಅವನು ಒಂದು ಹಾಕಿದ. ಚಿಕ್ಕಪ್ಪ ಮಾತ್ರ "ಬೇಡ ಮಾರಾಯ್ತಿ, ನಂಗೆ ಸೇರಲ್ಲ" ಎಂದು ತಲೆ ತಗ್ಗಿಸಿದರು. ಚಿಕ್ಕಮ್ಮನೇ ಕೂತು ತಿಂದರು, ಪಾಕದ ಸಮೇತ.

ಅಷ್ಟು ದುಬಾರಿ ಜಾಮೂನನ್ನು ಶಿವಮೊಗ್ಗದಲ್ಲಿ ಇನ್ನಾರೂ ತಿಂದಿರಲಿಕ್ಕಿಲ್ಲ. ಅದೂ ಒಳಗೆ ಬೆಂದಿರಲಿಲ್ಲವಂತೆ.