ಹಳೇದು, ಹೊಸಾದು

ಕಳೆದ ವಾರ ಹಾರಾಟದ ಚೀಲವನ್ನು ಖಾಲಿ ಮಾಡಿ ಒರೆಸುತ್ತಿದ್ದಾಗ, ತಳದ ರಟ್ಟಿನ ಕೆಳಗೆ ಮಡಚಿಟ್ಟ ಹಾಳೆಯೊಂದು ಸಿಕ್ಕಿತು. ನಡುವೆ ಪೆನ್ಸಿಲ್ ಗೆರೆ. ಎಡಕ್ಕೆ ‘ಹಳೇದು’, ಬಲಕ್ಕೆ ‘ಹೊಸಾದು’. ಅಕ್ಷರ ನನ್ನ ಕ್ಯಾಪ್ಟನ್ ಅವರದು. ವಿಮಾನದೊಳಗೆ ಅವರನ್ನು ಸರ್ ಎನ್ನುತ್ತಿದ್ದೆ, ನಿಲ್ದಾಣದ ಗೇಟು ದಾಟಿದ ಮೇಲೆ ಕಾಕಾ.

ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆ ಮಾಲೀಕರೊಬ್ಬರ ಪುಟ್ಟ ಜೆಟ್ ವಿಮಾನವನ್ನು ನಾವಿಬ್ಬರು ನಡೆಸುತ್ತಿದ್ದೆವು. ಖಾನಾಪುರದವರಾದ ಕಾಕಾ ಅದನ್ನು ಹದಿನೆಂಟು ವರ್ಷ ಹಾರಿಸಿದ್ದರು. ನಾನು ಅವರ ಬಲಕ್ಕೆ ಕೂರತೊಡಗಿ ಒಂದು ವರ್ಷವಾಗಿತ್ತು. ಆಗ ಮಾಲೀಕರು ಅದನ್ನು ಮಾರಿ, ಅದೇ ವಿಮಾನದ ಹೊಸ ಮಾದರಿಯನ್ನು ತರಿಸಿದರು. ಹೊರಗಿನಿಂದ ಎರಡೂ ಅಕ್ಕತಂಗಿಯರ ಹಾಗಿದ್ದವು. ಒಳಗೆ ಮಾತ್ರ ಮುಳ್ಳು ತಿರುಗುವ ಮಾಪಕಗಳೆಲ್ಲ ಹೋಗಿ ಪರದೆಗಳು ಬಂದಿದ್ದವು. ಹೊಸದರ ರೆಕ್ಕೆಯ ತುದಿ ಮೇಲಕ್ಕೆ ಬಾಗಿತ್ತು. ಇಳಿಯುವಾಗ ನೆಲ ಮುಟ್ಟದೆ ತೇಲುತ್ತಲೇ ಇರುತ್ತಿತ್ತು.

“ಬೀಗರಿದ್ದಂಗ ಐತಿ ನೋಡವಾ ಇದು,” ಎನ್ನುತ್ತಿದ್ದರು ಕಾಕಾ. “ಎಷ್ಟ ಕುಂದರ್ರಿ ಅಂದ್ರೂ ಕುಂದರೂದಿಲ್ಲ.”

ಇಬ್ಬರೂ ಹೊಸದರ ತರಬೇತಿ ಮುಗಿಸಿ ಬಂದಿದ್ದೆವು. ಅಲ್ಲಿ ನನಗೆ ಅರ್ಥವಾಗದೆ ಉಳಿದದ್ದನ್ನು ಅವರು ಆ ಹಾಳೆಯಲ್ಲಿ ಬರೆದುಕೊಟ್ಟರು. ಎಂಜಿನ್ನಿನ ಬಲ ಏರಿಸುವ ಹಿಡಿಕೆಗೆ ಥ್ರಾಟಲ್ ಎನ್ನುತ್ತೇವೆ. ಹಳೆಯದರಲ್ಲಿ ಅದನ್ನು ಪೂರ್ತಿ ತಳ್ಳಿದರೆ ಎಂಜಿನ್ ಸುಟ್ಟೀತು; ಮುಳ್ಳು ನೋಡುತ್ತ ಸ್ವಲ್ಪ ಮೊದಲೇ ನಿಲ್ಲಿಸಬೇಕು. ಹೊಸದರಲ್ಲಿ ಆ ಲೆಕ್ಕವೆಲ್ಲ ಕಂಪ್ಯೂಟರಿನದು. ಕೊನೆಯ ಕಚ್ಚಿಗೆ ಕೂರುವವರೆಗೂ ತಳ್ಳಬೇಕು. ಬಲಗಡೆ ಅವರು ಬರೆದದ್ದು ಇಷ್ಟೇ: ‘ಅಂಜಬ್ಯಾಡ. ಟಕ್ ಅನ್ನೂತನಕ ತಳ್ಳು.’

ಅವರಿಗೆ ಅರವತ್ತೆರಡಾಗಿತ್ತು. ಅರವತ್ತೈದರವರೆಗೆ ಹಾರುವ ಆಸೆ ಇತ್ತು. ಮಾಲೀಕರ ಷರತ್ತೊಂದೇ: ಮೊದಲ ಮೂರು ತಿಂಗಳು ಪ್ರತಿ ಹಾರಾಟದ ಬಗ್ಗೆ ನಾವಿಬ್ಬರೂ ಬೇರೆಬೇರೆಯಾಗಿ ವರದಿ ಕೊಡಬೇಕು. ಅದು ಸರಿಯಿದ್ದರೆ ಹೊಸದೂ ಅವರದೇ.

ಎರಡನೆಯ ತಿಂಗಳು ಹೈದರಾಬಾದಿನಿಂದ ಖಾಲಿ ವಿಮಾನ ತರುತ್ತಿದ್ದೆವು. ನಮ್ಮ ಸಾಂಬ್ರಾ ನಿಲ್ದಾಣದ ಮೇಲೆ ಮೋಡ ತಗ್ಗಾಗಿತ್ತು. ರನ್‌ವೇ ಕಾಣಲೇಬೇಕಾದ ಎತ್ತರಕ್ಕೆ ಬಂದರೂ ಕಾಣಲಿಲ್ಲ. “ಗೋ ಅರೌಂಡ್,” ಎಂದರು, ಇಳಿಯದೆ ಮತ್ತೆ ಮೇಲೇರುವುದೆಂದು. ಮೂತಿ ಎತ್ತಿದರು, ಥ್ರಾಟಲ್ ತಳ್ಳಿದರು. ಕೈ ಹದಿನೆಂಟು ವರ್ಷ ಎಲ್ಲಿ ನಿಲ್ಲುತ್ತಿತ್ತೋ ಅಲ್ಲೇ ನಿಂತಿತು. ಕಣ್ಣು ಪರದೆಯ ಮೇಲೆ ಇಲ್ಲದ ಮುಳ್ಳನ್ನು ಹುಡುಕುತ್ತಿತ್ತು. ವೇಗ ಇಳಿಯುತ್ತಿತ್ತು… ನಾನು ಅವರ ಕೈಯ ಮೇಲೆ ಕೈಯಿಟ್ಟು ಕೊನೆಯವರೆಗೆ ತಳ್ಳಿದೆ.

ಎರಡನೆಯ ಸಲ ಮೋಡ ಸರಿದಿತ್ತು, ಸರಿಯಾಗಿಯೇ ಇಳಿಸಿದರು. ಎಂಜಿನ್ ನಿಂತ ಮೇಲೂ ಅವರು ಬೆಲ್ಟು ಬಿಚ್ಚಲಿಲ್ಲ.

“ಏನ್ ನೋಡಿದಿ, ಅದನ್ನ ಬರಿ.”

“ಒಂದ ಸಲ ಆಗೇತ್ರಿ ಸರ್…”

“ಇದರಾಗ ಒಂದ ಸಲ ಸಾಕಾಗ್ತೈತವಾ.”

ಬರೆದೆ. ನಾಲ್ಕು ಸಾಲು. ಅದೇ ವಾರ ಅವರನ್ನು ಹಾರಾಟದಿಂದ ಬಿಡಿಸಿದರು. ಅವರ ವರದಿಯಲ್ಲೂ ಅದೇ ಇತ್ತೆಂದು ಆಮೇಲೆ ತಿಳಿಯಿತು.

ಖಾನಾಪುರ ದೂರವೇನಲ್ಲ. ಒಂದು ಭಾನುವಾರ ರೈಲು ಹತ್ತಿದೆ. ಅವರೆದುರು ಹೇಗೆ ಕೂರುವುದೆಂದು ಯೋಚಿಸುತ್ತ ದೇಸೂರಿನಲ್ಲೇ ಇಳಿದು, ಬಸ್ಸು ಹಿಡಿದು ಬೆಳಗಾವಿಗೆ ಮರಳಿದೆ. ಮುಂದಿನ ವಾರ, ಮುಂದಿನ ತಿಂಗಳು ಎನ್ನುತ್ತ ಎರಡು ವರ್ಷ ಕಳೆದವು. ಆಮೇಲೆ ಹೋದದ್ದು ಅವರು ತೀರಿಕೊಂಡ ಮೂರನೆಯ ದಿನಕ್ಕೆ.

ಅಂಗಳದಲ್ಲಿ ಜನ ಮರಾಠಿಯಲ್ಲಿ, ಕನ್ನಡದಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಒಳಗೆ ಅವರ ಹೆಂಡತಿ ನನ್ನನ್ನು ಬಹಳ ಹೊತ್ತು ನೋಡಿದರು.

“ಆ ಕಾಗದಾ ಬರದಾಕಿ ನೀನs ಏನವಾ?”

ಹೌದೆಂದೆ.

“ಅವರಿಗೆ ನಿನ್ನ ಮ್ಯಾಲ ಸಿಟ್ಟ ಇರಲಿಲ್ಲ. ನನಗ ಇತ್ತು.” ಸೆರಗಿನಿಂದ ಮುಖ ಒರೆಸಿಕೊಂಡರು. “ಮುಂಜಾನೆದ್ದ ಕೂಡಲೆ ಅಂಗಳಾ ಅಡ್ಡಾಡವ್ರು, ಎಲ್ಲಿಗೂ ಹೋಗೂದಿಲ್ಲ. ನೀ ಬರೀದಿದ್ರ ಇನ್ನೂ ಹಾರತಿದ್ರು. ಬರದಿ, ಎರಡ ವರ್ಷ ನನ್ನ ಕಣ್ಣಮುಂದ ಇದ್ರು. ಲಗ್ನಾದಾಗಿಂದ ಅಷ್ಟ ದಿನಾ ಮನ್ಯಾಗ ಇದ್ದದ್ದs ಇಲ್ಲ… ಯಾವದಕ್ಕ ಏನ್ ಅನ್ಲಿ ನಿನಗ?”

ಅವರು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಕುಳಿತೆ.

ಈಗ ಎಡಗಡೆಯ ಸೀಟು ನನ್ನದು. ಬಲಕ್ಕೆ ಬರುವ ಹೊಸಬರು ಕೇಳುತ್ತಾರೆ: ಎರಡರಲ್ಲಿ ಯಾವುದು ಒಳ್ಳೆಯದು ಮೇಡಂ? ಹೊಸದು ಎನ್ನುತ್ತೇನೆ. ಬೇಗ ಏರುತ್ತದೆ, ದೂರ ಹೋಗುತ್ತದೆ, ಇಂಧನ ಕಡಿಮೆ ಸಾಕು. ಸುಳ್ಳಲ್ಲ. ಆದರೆ ಹಳೆಯದನ್ನು ನಾನು ಹಾರಿಸಿದ್ದು ಒಂದೇ ವರ್ಷ. ‘ಎರಡನ್ನೂ ಬಲ್ಲವರು ಖಾನಾಪುರದಲ್ಲಿದ್ದಾರೆ, ಹೋಗಿ ಕೇಳಿ’ ಎನ್ನಬಹುದಾಗಿದ್ದ ಕಾಲದಲ್ಲಿ ನಾನೇ ಹೋಗಲಿಲ್ಲ.